ಕಾಲೇಜು ಫುಟ್‌ಬಾಲ್ ತಂಡಕ್ಕೆ ಹೊಸ ಕೋಚ್: ಬಯೊಡೇಟಾ ನೋಡಿ, ಆಮೇಲೆ ಗ್ರೌಂಡಿಗೆ ಕರೆಯಿರಿ

ಅಂತರ ಕಾಲೇಜು ಟೂರ್ನಿಗೆ ಮೂರು ವಾರ ಉಳಿದಿರುವಾಗ ಕೋಚ್ ಹುಡುಕಲು ಹೊರಡುವುದು ನಮ್ಮ ಅನೇಕ ಕಾಲೇಜುಗಳ ರೂಢಿ. ಆಗ ಕೈಗೆ ಸಿಕ್ಕವರೇ ಕೋಚ್. ಹಳೆಯ ವಿದ್ಯಾರ್ಥಿಯೊಬ್ಬರು, ಆಡಳಿತ ಮಂಡಳಿಯವರಿಗೆ ಪರಿಚಯದವರು, ಇಲ್ಲವೇ ಪಕ್ಕದ ಕಾಲೇಜು ಬಿಟ್ಟುಬಂದವರು. ಅವರಲ್ಲಿ ಒಳ್ಳೆಯವರೂ ಇರಬಹುದು, ಆದರೆ ಅದು ಆಯ್ಕೆಯಲ್ಲ, ಅದೃಷ್ಟ. ಒಬ್ಬ ಹುಡುಗನಿಗೆ ಪದವಿಯಲ್ಲಿ ಸಿಗುವುದು ಮೂರೋ ನಾಲ್ಕೋ ಸೀಸನ್. ಅದರಲ್ಲಿ ಒಂದು ತಪ್ಪು ಕೋಚ್‌ನಿಂದ ಹಾಳಾದರೆ ಅವನಿಗೆ ಅದು ಮರಳಿ ಸಿಗುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಆರು ವಾರ ಕೊಡಿ. ಜುಲೈ-ಆಗಸ್ಟ್‌ನಲ್ಲಿ ತರಗತಿ ಶುರುವಾಗುವ ಕಾಲೇಜಾದರೆ ಏಪ್ರಿಲ್ ಕೊನೆಯಲ್ಲಿ ಕೈಹಾಕಿ, ಜೂನ್ ಮೊದಲ ವಾರದಲ್ಲಿ ಮುಗಿಸಿ. ರಜೆಗೆ ಹುಡುಗರು ಊರಿಗೆ ಹೋಗುವ ಮೊದಲೇ ಗ್ರೌಂಡ್ ಪರೀಕ್ಷೆ ಆಗಬೇಕು ಎನ್ನುವುದನ್ನು ದಿನ ಗೊತ್ತು ಮಾಡುವಾಗ ಮರೆಯಬೇಡಿ.

ಮೊದಲು ನಿಮ್ಮ ಲೆಕ್ಕ

ಕೋಚ್ ಹುಡುಕುವ ಮುನ್ನ ಒಂದು ಹಾಳೆಯ ಮೇಲೆ ನಿಮ್ಮ ಪರಿಸ್ಥಿತಿ ಬರೆಯಿರಿ. ಗ್ರೌಂಡ್ ಪೂರ್ತಿ ಇದೆಯೋ, ಅರ್ಧವೋ? ಹುಲ್ಲಿದೆಯೋ, ಬರೀ ಮೊರಂ ಮಣ್ಣೋ? ಸಂಜೆ ಅದೇ ಗ್ರೌಂಡಿನಲ್ಲಿ ಕ್ರಿಕೆಟ್ ನೆಟ್ ನಡೆಯುತ್ತದೆಯೇ? ಲೈಟ್ ಇದೆಯೇ? ಲ್ಯಾಬ್ ಮುಗಿಯುವುದು ಎಷ್ಟು ಗಂಟೆಗೆ? ಹಾಸ್ಟೆಲಿನವರು ಎಷ್ಟು ಜನ, ಬಸ್ಸಿನಲ್ಲಿ ಬರುವವರು ಎಷ್ಟು ಜನ?

ಆಮೇಲೆ ದಿನಗಳ ಲೆಕ್ಕ. ವಾರಕ್ಕೆ 4 ದಿನದಂತೆ 12 ವಾರ ಅಂದರೆ 48 ಪ್ರಾಕ್ಟೀಸ್. ಮಳೆ, ಇಂಟರ್ನಲ್ಸ್, ಗಣೇಶ ಹಬ್ಬ, ದಸರಾ ಇವೆಲ್ಲಕ್ಕೆ ನಾಲ್ಕರಲ್ಲೊಂದು ಪಾಲು ಕಳೆದರೆ 36. ಒಂದೊಂದೂ 75 ನಿಮಿಷ ಎಂದುಕೊಂಡರೆ ಒಟ್ಟು 45 ಗಂಟೆ. ಹೊಸ ಕೋಚ್‌ಗೆ ನೀವು ಕೊಡುತ್ತಿರುವುದು ಇಷ್ಟೇ. ಕರಾವಳಿ ಮತ್ತು ಮಲೆನಾಡಿನ ಕಾಲೇಜುಗಳು ಇನ್ನೂ ಕಡಿಮೆ ಹಿಡಿಯಬೇಕು, ಏಕೆಂದರೆ ಜುಲೈ, ಆಗಸ್ಟ್‌ನಲ್ಲಿ ಗ್ರೌಂಡಿನಲ್ಲಿ ನೀರು ನಿಂತಿರುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ಅಂತರ ಕಾಲೇಜು ಟೂರ್ನಿಗಳು ಹೆಚ್ಚಿನ ಕಡೆ ನಾಕೌಟ್, ಇಲ್ಲವೇ ನಾಕೌಟ್ ಆದ ಮೇಲೆ ಲೀಗ್. ಮೊದಲ ದಿನ ಸೋತರೆ ಮನೆಗೆ. ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಆರಿಸುವವರ ಕಣ್ಣಿಗೆ ನಿಮ್ಮ ಹುಡುಗರು ಬೀಳುವುದೂ ಸಾಮಾನ್ಯವಾಗಿ ಅದೇ ಟೂರ್ನಿಯಲ್ಲಿ. ಆದ್ದರಿಂದ ನಿಮಗೆ ಬೇಕಾದವರು ಮೂರು ವರ್ಷದ ಮಹಾಯೋಜನೆ ಹೇಳುವ ಕೋಚ್ ಅಲ್ಲ. 45 ಗಂಟೆಯಲ್ಲಿ 20 ಜನರನ್ನು ಒಂದು ತಂಡ ಮಾಡಬಲ್ಲ, ಕಾರ್ನರ್-ಫ್ರೀಕಿಕ್‌ಗಳಿಗೆ ಸಮಯ ತೆಗೆದಿಡುವ, ಪೆನಾಲ್ಟಿ ಶೂಟೌಟ್ ಬಂದರೆ ಯಾರು ಒದೆಯಬೇಕೆಂದು ಮೊದಲೇ ಅಭ್ಯಾಸ ಮಾಡಿಸಿರುವ ಕೋಚ್.

ಪಿ.ಡಿ. ಸರ್ ಕೆಲಸ ಯಾವುದು, ಕೋಚ್ ಕೆಲಸ ಯಾವುದು

ಕೋಚ್‌ಗಳು ಸೀಸನ್ ಮಧ್ಯೆ ಬಿಟ್ಟುಹೋಗುವುದಕ್ಕೆ ಸಂಬಳದಷ್ಟೇ ದೊಡ್ಡ ಕಾರಣ ಈ ಗೊಂದಲ. ಇದನ್ನು ಅರ್ಜಿ ಕರೆಯುವ ಮೊದಲೇ ಪ್ರಾಂಶುಪಾಲರು, ದೈಹಿಕ ಶಿಕ್ಷಣ ನಿರ್ದೇಶಕರು (ಪಿ.ಡಿ.) ಮತ್ತು ಆಡಳಿತ ಮಂಡಳಿಯ ಒಬ್ಬರು ಕೂತು ಬಗೆಹರಿಸಬೇಕು.

ಅರ್ಹತಾ ನಮೂನೆ, ವಯಸ್ಸಿನ ದಾಖಲೆ, ಟೂರ್ನಿಗೆ ಹೆಸರು ಕೊಡುವುದು, ಪ್ರಯಾಣ ಮತ್ತು ದಿನಭತ್ಯೆ, ಜೆರ್ಸಿ ಇವೆಲ್ಲ ಪಿ.ಡಿ. ಅವರದು. ಹಾಜರಾತಿ ವಿನಾಯಿತಿ ಪ್ರಾಂಶುಪಾಲರದು. ಪ್ರಾಕ್ಟೀಸ್, ಹನ್ನೊಂದು ಜನರ ಆಯ್ಕೆ, ಕ್ಯಾಪ್ಟನ್ ಯಾರು, ಆಟದ ಮಧ್ಯೆ ಯಾರನ್ನು ಹೊರಕರೆಯಬೇಕು ಎನ್ನುವುದು ಕೋಚ್ ಒಬ್ಬರದೇ. ಈ ಕೊನೆಯ ಸಾಲನ್ನು ಹಾಗೆಯೇ ಬರೆದು ಸಹಿ ಮಾಡಿಸಿ. ಟ್ರಸ್ಟಿಯ ಮಗನನ್ನು ಆಡಿಸಿ ಎಂದು ಫೋನ್ ಬಂದ ದಿನ ಪಿ.ಡಿ. ಅವರಿಗೂ ಕೋಚ್‌ಗೂ ಆಸರೆಯಾಗುವುದು ಆ ಒಂದು ಸಾಲು. ಅದಕ್ಕೆ ಮಂಡಳಿ ಒಪ್ಪದಿದ್ದರೆ ಹೊರಗಿನಿಂದ ಕೋಚ್ ತರಬೇಡಿ. ದುಡ್ಡೂ ಹೋಗುತ್ತದೆ, ಬಂದವರ ಮರ್ಯಾದೆಯೂ ಹೋಗುತ್ತದೆ.

ಎಲ್ಲಿ ಹುಡುಕುವುದು

ಪತ್ರಿಕೆಯ ಜಾಹೀರಾತಿನಿಂದ ಬರುವ ಅರ್ಜಿಗಳು ಬಹಳ, ಉಪಯೋಗ ಕಡಿಮೆ. ಫುಟ್‌ಬಾಲ್‌ನವರು ಇರುವ ಕಡೆಗೇ ಹೋಗಿ. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ನಿಮ್ಮ ಜಿಲ್ಲೆಯ ಫುಟ್‌ಬಾಲ್ ಸಂಸ್ಥೆ, ಸ್ಥಳೀಯ ಲೀಗ್ ಆಡುವ ಕ್ಲಬ್‌ಗಳು, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿ. ಬೆಂಗಳೂರಿನಲ್ಲಿ ಇನ್ನೊಂದು ದೊಡ್ಡ ಮೂಲವಿದೆ: ಎಚ್‌ಎಎಲ್, ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), ಸೇನೆಯ ಎಂಇಜಿಯಂಥ ಸಂಸ್ಥೆಗಳ ತಂಡಗಳಲ್ಲಿ ಆಡಿ ನಿವೃತ್ತರಾದವರು. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಕಡೆಯ ಗ್ರೌಂಡುಗಳಲ್ಲಿ ಬೆಳಗ್ಗೆ ಆರಕ್ಕೆ ಹೋಗಿ ನಿಂತರೆ ಮಕ್ಕಳಿಗೆ ಕಲಿಸುತ್ತಿರುವವರು ಕಾಣಸಿಗುತ್ತಾರೆ. ಕಲಿಸುವಾಗಲೇ ನೋಡಿದ ಕೋಚ್, ಅರ್ಜಿಯಲ್ಲಿ ನೋಡಿದ ಹತ್ತು ಕೋಚ್‌ಗಳಿಗೆ ಸಮ.

ಆರರಿಂದ ಎಂಟು ಹೆಸರು ಸಾಕು. ಅವುಗಳಿಂದ ಮೂರನ್ನು ಗ್ರೌಂಡಿಗೆ ಕರೆಯುವುದು ಗುರಿ.

ಕ್ಲಬ್ ಕೋಚ್‌ಗಳ ವಿಷಯದಲ್ಲಿ ಎರಡು ಪ್ರಶ್ನೆ ಮೊದಲೇ ಕೇಳಿಬಿಡಿ. ಲೀಗ್ ಪಂದ್ಯವೂ ಕಾಲೇಜು ಪಂದ್ಯವೂ ಒಂದೇ ದಿನ ಬಂದರೆ ನೀವು ಎಲ್ಲಿರುತ್ತೀರಿ? ನಮ್ಮ ಹುಡುಗರನ್ನು ನಿಮ್ಮ ಕ್ಲಬ್ಬಿಗೆ ಸೇರಿಸಿಕೊಳ್ಳುತ್ತೀರಾ? ಸೇರಿಸಿಕೊಳ್ಳುವುದು ತಪ್ಪಲ್ಲ, ಹುಡುಗರಿಗೆ ಒಳ್ಳೆಯದೇ. ಆದರೆ ಕ್ಲಬ್ಬಿಗೆ ಬಂದವರಿಗೆ ಮಾತ್ರ ಕಾಲೇಜು ತಂಡದಲ್ಲಿ ಜಾಗ ಎನ್ನುವಂತಾದರೆ ತಂಡ ಎರಡು ಹೋಳಾಗುತ್ತದೆ.

ಕಾಗದ ಓದುವ ಬಗೆ

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಏಷ್ಯನ್ ಒಕ್ಕೂಟದ ಲೈಸೆನ್ಸ್‌ಗಳು ಕೆಳಗಿನಿಂದ ಮೇಲಕ್ಕೆ ಡಿ, ಸಿ, ಬಿ, ಎ, ಪ್ರೊ ಎಂದು ಸಾಗುತ್ತವೆ. ಡಿ ಎಂಬುದು ಆರಂಭದ ಮೆಟ್ಟಿಲು, ಅದರ ಗಮನವೆಲ್ಲ ಮಕ್ಕಳ ಮೇಲೆ. ಸಿ ಬೆಳೆಯುವ ಹುಡುಗರಿಗೆ ಕಲಿಸುವ ಹಂತ. ಕಾಲೇಜು ತಂಡಕ್ಕೆ ಸಿ ಲೈಸೆನ್ಸ್ ಜೊತೆ ಮೂರ್ನಾಲ್ಕು ಸೀಸನ್ ದೊಡ್ಡ ಹುಡುಗರಿಗೆ ಕಲಿಸಿದ ಅನುಭವ ಇದ್ದರೆ ಸಾಕು, ಬಿ ಇದ್ದರೆ ಬಹಳ ಒಳ್ಳೆಯದು. ಎ ಲೈಸೆನ್ಸ್ ಇರುವವರು ಬರಲು ಒಪ್ಪಿದರೆ ಸಂತೋಷವೇ, ಆದರೆ ನಡುವೆ ಕ್ಲಬ್ಬಿನ ಕರೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿಟ್ಟುಕೊಳ್ಳಿ.

ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಅರ್ಹತೆ ಇನ್ನೊಂದು ದಾರಿ. ಇದನ್ನು ಎಲ್ಲರೂ ಎನ್‌ಐಎಸ್ ಅನ್ನುತ್ತಾರೆ. ಇಲ್ಲಿ ಎಚ್ಚರ ಬೇಕು. ಎನ್‌ಐಎಸ್ ಡಿಪ್ಲೊಮಾ ಒಂದು ವರ್ಷದ್ದು, ಸರ್ಟಿಫಿಕೇಟ್ ಕೋರ್ಸ್ ಆರು ವಾರದ್ದು. ಬಯೊಡೇಟಾದಲ್ಲಿ ಎರಡಕ್ಕೂ "ಎನ್‌ಐಎಸ್ ಕೋಚ್" ಎಂದೇ ಬರೆದಿರುತ್ತಾರೆ. ಮೂಲ ಪ್ರಮಾಣಪತ್ರ ತರಿಸಿ ಕೋರ್ಸಿನ ಹೆಸರು, ಅವಧಿ, ಕ್ರೀಡೆ ಮೂರನ್ನೂ ಓದಿ. ಬೇರೆ ಕ್ರೀಡೆಯಲ್ಲಿ ಡಿಪ್ಲೊಮಾ ಪಡೆದು ಫುಟ್‌ಬಾಲ್ ಕಲಿಸುತ್ತಿರುವವರೂ ಇದ್ದಾರೆ.

ಮೋಸಹೋಗುವ ಇನ್ನೂ ಕೆಲವು ಜಾಗ ಇವು. ಕೋರ್ಸಿಗೆ ಹಾಜರಾದ ಪತ್ರಕ್ಕೂ ಪಾಸಾದ ಲೈಸೆನ್ಸ್‌ಗೂ ವ್ಯತ್ಯಾಸವಿದೆ. ಹಲವರು ಹಾಜರಾಗಿರುತ್ತಾರೆ, ಪರೀಕ್ಷೆ ದಾಟಿರುವುದಿಲ್ಲ. ಲೈಸೆನ್ಸ್‌ಗೆ ಅವಧಿ ಇದೆಯೇ, ಅದು ಮುಗಿದಿದೆಯೇ ನೋಡಿ. ಫೆಡರೇಷನ್ನಿನ ಕೇಂದ್ರೀಯ ನೋಂದಣಿ ವ್ಯವಸ್ಥೆಯಲ್ಲಿ ಅವರ ದಾಖಲೆ ಇದ್ದರೆ ನಿಮ್ಮ ಎದುರಿಗೇ ತೆರೆದು ತೋರಿಸಲು ಹೇಳಿ. ನಿಜವಾದ ಕೋಚ್ ಯಾರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಆಡಿದ ದಾಖಲೆಯ ಮಾತು. ಕರ್ನಾಟಕ 54 ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಆ ಹೆಸರಿಗೆ ಈಗ ಇನ್ನಷ್ಟು ತೂಕ. ಬಯೊಡೇಟಾದಲ್ಲಿ "ಸಂತೋಷ್ ಟ್ರೋಫಿ" ಎಂದಿದ್ದರೆ ಯಾವ ವರ್ಷ, ಶಿಬಿರಕ್ಕೆ ಕರೆದಿದ್ದರೋ, ಅಂತಿಮ ಪಟ್ಟಿಯಲ್ಲಿದ್ದರೋ, ಆಡಿದರೋ ಎಂದು ಬಿಡಿಸಿ ಕೇಳಿ. ನಿಜವಾಗಿ ಆಡಿದ್ದರೂ ಅದು ಕಲಿಸುವ ಕಲೆಗೆ ಪುರಾವೆ ಅಲ್ಲ. ಸಹಜ ಪ್ರತಿಭೆಯಿಂದ ಆಡಿದ ಕೆಲವರಿಗೆ, ತಮಗೆ ಯೋಚಿಸದೆ ಬರುತ್ತಿದ್ದದ್ದನ್ನು ಬಾರದವನಿಗೆ ಬಿಡಿಸಿ ಹೇಳುವುದೇ ಕಷ್ಟವಾಗುತ್ತದೆ. ಎರಡನೇ ದರ್ಜೆ ಲೀಗಿನಲ್ಲಿ ಸ್ಟಾಪರ್ ಬ್ಯಾಕ್ (ರಕ್ಷಣೆಯ ನಡುವಿನ ಆಟಗಾರ) ಆಗಿ ಹತ್ತು ವರ್ಷ ಆಡಿ, ಎಲ್ಲವನ್ನೂ ಕಷ್ಟಪಟ್ಟೇ ಕಲಿತವರಲ್ಲಿ ಒಳ್ಳೆಯ ಶಿಕ್ಷಕರು ಸಿಗುವುದುಂಟು.

ಮೇಜಿನ ಮುಂದೆ: ಮಾತಿಗಿಂತ ಮೊದಲು ಬರಹ

ಸಂದರ್ಶನಕ್ಕೆ ಬಂದ ಕೂಡಲೇ ಪ್ರಶ್ನೆ ಶುರು ಮಾಡಬೇಡಿ. ನೀವು ಮೊದಲೇ ಬರೆದಿಟ್ಟ ಪರಿಸ್ಥಿತಿಯ ಹಾಳೆಯನ್ನು ಕೊಟ್ಟು, ಅರ್ಧ ಗಂಟೆ ಕೂರಿಸಿ, ಮೊದಲ ಎರಡು ವಾರದ ಎಂಟು ಪ್ರಾಕ್ಟೀಸ್‌ಗಳ ಪ್ಲಾನ್ ಬರೆಯಲು ಹೇಳಿ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಚಿತ್ರ ಬಿಡಿಸಿಯೋ, ಅವರಿಗೆ ಹೇಗೆ ಸರಿಯೋ ಹಾಗೆ. ಭಾಷೆಗೆ ಅಂಕವಿಲ್ಲ.

ಒಳ್ಳೆಯ ಪ್ಲಾನಿನಲ್ಲಿ ಮೊದಲ ದಿನವೇ ಚೆಂಡು ಇರುತ್ತದೆ. ಅರ್ಧ ಗ್ರೌಂಡ್ ಎಂದು ನೀವು ಕೊಟ್ಟ ಮಾಹಿತಿ ಬಳಕೆಯಾಗಿರುತ್ತದೆ. ಗೋಲಿಗೆ, ಅಂದರೆ ಗೋಲ್‌ಕೀಪರ್‌ಗೆ, ಬೇರೆ ಕೆಲಸ ಬರೆದಿರುತ್ತದೆ. ಎರಡನೇ ವಾರ ಮೊದಲನೇ ವಾರದ ಮೇಲೆ ಕಟ್ಟಿಕೊಂಡಿರುತ್ತದೆ. ಕೆಟ್ಟ ಪ್ಲಾನ್ ಗುರುತಿಸುವುದೂ ಸುಲಭ: ಮೊದಲ ವಾರ ಪೂರ್ತಿ "ಫಿಟ್‌ನೆಸ್", ಗ್ರೌಂಡ್ ಸುತ್ತ 15 ರೌಂಡ್, ಆಮೇಲೆ "ಡ್ರಿಲ್ಸ್", ಕೊನೆಗೆ "ಮ್ಯಾಚ್". ರಜೆ ಮುಗಿಸಿ ಬಂದ ಹುಡುಗರನ್ನು ಗಟ್ಟಿ ಮೊರಂ ನೆಲದಲ್ಲಿ ದಿನವೂ ಅಷ್ಟು ಓಡಿಸಿದರೆ ಎರಡನೇ ವಾರದ ಹೊತ್ತಿಗೆ ಮೊಣಕಾಲಿನ ಕೆಳಗಿನ ಮುಂಗಾಲು ಮೂಳೆ ನೋವೆಂದು ನಾಲ್ಕೈದು ಜನ ಕೂತಿರುತ್ತಾರೆ.

ಆಮೇಲೆ ಪ್ರಶ್ನೆಗಳು. "ನಿಮ್ಮ ಫಿಲಾಸಫಿ ಏನು" ಎಂದು ಕೇಳಿದರೆ ಚೆಂದದ ಮಾತು ಬರುತ್ತದೆ, ಏನೂ ಗೊತ್ತಾಗುವುದಿಲ್ಲ. ಇಂಥವನ್ನು ಕೇಳಿ:

ಇವತ್ತು ಎಂಟು ಜನಕ್ಕೆ ಲ್ಯಾಬ್ ಇದೆ, ಐದೂವರೆಗೆ ಬರುತ್ತಾರೆ. ನಾಲ್ಕೂಮುಕ್ಕಾಲಿಗೆ ಬಂದಿರುವ ಹನ್ನೆರಡು ಜನರಿಗೆ ಆ ಮುಕ್ಕಾಲು ಗಂಟೆ ಏನು ಮಾಡಿಸುತ್ತೀರಿ?

ನಾಕೌಟ್ ಪಂದ್ಯ, 70ನೇ ನಿಮಿಷ, 1-0 ಹಿಂದಿದ್ದೇವೆ, ಸ್ಟಾಪರ್‌ಗೆ ರೆಡ್ ಕಾರ್ಡ್. ಮುಂದೆ?

ನಿಮ್ಮ ಅತ್ಯುತ್ತಮ ಫಾರ್ವರ್ಡ್‌ನ ಹಾಜರಾತಿ ಶೇ 60. ಕಾಲೇಜಿಗೆ ಶೇ 75 ಬೇಕು. ಸೆಪ್ಟೆಂಬರ್‌ನಲ್ಲಿ ನಿಮಗೆ ಇದು ಗೊತ್ತಾಗುತ್ತದೆ. ಯಾರ ಜೊತೆ ಮಾತಾಡುತ್ತೀರಿ, ಯಾವಾಗ?

ಹೆಡ್ ಮಾಡಲು ಹೋಗಿ ಇಬ್ಬರ ತಲೆ ಬಡಿಯಿತು. ಒಬ್ಬ ಕ್ಷಣಕಾಲ ಮಂಕಾದ, ಈಗ "ನಾನು ಸರಿಯಿದ್ದೇನೆ ಸರ್, ಆಡುತ್ತೇನೆ" ಅನ್ನುತ್ತಿದ್ದಾನೆ. ಫೈನಲ್ ಪಂದ್ಯ.

ಕೊನೆಯ ಪ್ರಶ್ನೆಗೆ ಒಂದೇ ಉತ್ತರ: ಹೊರಗೆ ಕರೆಯಬೇಕು, ಆ ದಿನ ಮತ್ತೆ ಇಳಿಸಬಾರದು, ಒಬ್ಬನೇ ಹಾಸ್ಟೆಲಿಗೆ ಹೋಗಲು ಬಿಡದೆ ವೈದ್ಯರಿಗೆ ತೋರಿಸಬೇಕು. "ಮುಖಕ್ಕೆ ನೀರು ಹಾಕಿ ನೋಡ್ತೀನಿ" ಎಂದವರನ್ನು, ಉಳಿದ ಎಲ್ಲ ಉತ್ತರ ಎಷ್ಟೇ ಚೆನ್ನಾಗಿರಲಿ, ಪಟ್ಟಿಯಿಂದ ತೆಗೆಯಿರಿ. ಇದರಲ್ಲಿ ರಾಜಿ ಬೇಡ.

ಗ್ರೌಂಡ್ ಪರೀಕ್ಷೆ

ಇಡೀ ಆಯ್ಕೆಯಲ್ಲಿ ಒಂದೇ ಕೆಲಸ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಮೂವರನ್ನೂ ಬೇರೆ ಬೇರೆ ದಿನ, ಒಂದೇ ಹೊತ್ತಿಗೆ, ಅದೇ 18ರಿಂದ 20 ಹುಡುಗರ ಮುಂದೆ ನಿಲ್ಲಿಸಿ. 75 ನಿಮಿಷ. ವಿಷಯ ಹಿಂದಿನ ದಿನ ತಿಳಿಸಿ, ಮೂವರಿಗೂ ಅದೇ ವಿಷಯ: "ಚೆಂಡು ಕಳೆದುಕೊಂಡ ಕೂಡಲೇ ಮರಳಿ ಗೆಲ್ಲುವುದು", ಅಥವಾ "ಗೋಲಿಯಿಂದ ಶುರುಮಾಡಿ ಒತ್ತಡದಲ್ಲಿ ಚೆಂಡು ಮುಂದೆ ತರುವುದು". 5ನೇ ಸೈಜಿನ 10 ಚೆಂಡು, ಎರಡು ಬಣ್ಣದ ಬಿಬ್ ಹತ್ತು ಹತ್ತು, 40 ಕೋನ್, ಎರಡು ಸಣ್ಣ ಗೋಲ್ ಕೊಡಿ. ಚೆಂಡಿಗೆ ಗಾಳಿ ಸರಿಯಿರಲಿ; ಅರೆಗಾಳಿಯ ಚೆಂಡು ಕೊಟ್ಟು ಪಾಸಿಂಗ್ ನೋಡುವುದು ಅನ್ಯಾಯ. ಬಂದವರಿಗೆ ಆ ದಿನದ ಪ್ರಯಾಣವೆಚ್ಚ ಮತ್ತು ಗೌರವಧನ ಕೊಡಲೇಬೇಕು. ಪರೀಕ್ಷೆಯಾದರೂ ಅದು ಕೆಲಸವೇ.

ನೋಡುವವರು ಮೂವರಿದ್ದರೆ ಸಾಕು: ಪಿ.ಡಿ., ಹೊರಗಿನ ಒಬ್ಬ ಅನುಭವಿ ಆಟಗಾರ ಅಥವಾ ರೆಫ್ರಿ, ಮತ್ತು ಫುಟ್‌ಬಾಲ್ ಗೊತ್ತಿಲ್ಲದ ಒಬ್ಬ ಉಪನ್ಯಾಸಕರು. ಮೂರನೆಯವರ ಕೈಗೆ ಸ್ಟಾಪ್‌ವಾಚ್ ಕೊಡಿ. ಅವರು ಅಳೆಯಬೇಕಾದ್ದು ಮೂರು: ಒಟ್ಟು ಎಷ್ಟು ನಿಮಿಷ ಹುಡುಗರು ಸುಮ್ಮನೆ ನಿಂತಿದ್ದರು, ಕೋಚ್‌ನ ಅತಿ ಉದ್ದದ ಭಾಷಣ ಎಷ್ಟು ಸೆಕೆಂಡ್, ಮೊದಲೇ ಗುರುತಿಸಿಟ್ಟ ಒಬ್ಬ ಸಾಧಾರಣ ಆಟಗಾರ 20 ನಿಮಿಷದಲ್ಲಿ ಎಷ್ಟು ಸಲ ಚೆಂಡು ಮುಟ್ಟಿದ.

ಈ ಎಣಿಕೆ ಯಾಕೆ ಅಂದರೆ, ಒಂದು ಲೆಕ್ಕ ನೋಡಿ. 20 ಜನರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಗೋಲ್‌ಪೋಸ್ಟಿಗೆ ಶಾಟ್ ಹೊಡೆಸಿದರೆ, ಒಬ್ಬನಿಗೆ 10 ಸೆಕೆಂಡ್ ಹಿಡಿದರೂ ಮತ್ತೆ ಅವನ ಸರದಿ ಬರುವುದು 3 ನಿಮಿಷ 20 ಸೆಕೆಂಡ್ ಆದ ಮೇಲೆ. 20 ನಿಮಿಷದಲ್ಲಿ ಆರು ಶಾಟ್. ಅದೇ ಹುಡುಗರನ್ನು ಐದೈದು ಜನರ ನಾಲ್ಕು ಗುಂಪು ಮಾಡಿ, ನಾಲ್ವರು ಪಾಸ್ ಮಾಡುತ್ತಾ ಒಬ್ಬ ನಡುವೆ ಕಸಿಯಲು ಓಡುವ ಆಟ ಆಡಿಸಿದರೆ? ನಿಂತು ಸಾಗುವ ಹೊತ್ತು ಕಳೆದು 12 ನಿಮಿಷ ಚೆಂಡು ಓಡಿತು, ಎರಡು ಸೆಕೆಂಡಿಗೊಂದು ಪಾಸ್ ಎಂದರೂ ಒಂದು ಗುಂಪಿನಲ್ಲಿ 360 ಪಾಸ್, ತಲೆಗೆ 70ರ ಆಸುಪಾಸು. ಅದೂ ಎದುರಾಳಿಯ ಒತ್ತಡದಲ್ಲಿ. 45 ಗಂಟೆಯ ಸೀಸನ್ನಿನಲ್ಲಿ ಆರು ಮತ್ತು 70ರ ನಡುವಿನ ಅಂತರವೇ ತಂಡವನ್ನು ಬೆಳೆಸುವುದು ಅಥವಾ ಕೊಲ್ಲುವುದು. ಉದ್ದ ಸಾಲು ಮಾಡಿದ ಕೋಚ್ ಎಷ್ಟು ಶಿಸ್ತಿನವರಂತೆ ಕಂಡರೂ ಮೋಸಹೋಗಬೇಡಿ.

ಉಳಿದ ಇಬ್ಬರು ಕಣ್ಣಿಡಬೇಕಾದವು ಹೀಗಿವೆ. ವಾರ್ಮ್‌ಅಪ್‌ಗೆ ಅರ್ಥವಿದೆಯೇ? ಫಿಫಾದ 11+ ಎಂಬ ಸಿದ್ಧ ಕ್ರಮವಿದೆ: ಮೂರು ಭಾಗ, 15 ವ್ಯಾಯಾಮ, ಸುಮಾರು 20 ನಿಮಿಷ, ಓಟ, ಆಮೇಲೆ ಬಲ-ಜಿಗಿತ-ಸಮತೋಲನ, ಕೊನೆಗೆ ವೇಗದ ಓಟ. ಗಾಯ ಕಡಿಮೆ ಮಾಡುತ್ತದೆಂದು ಅಧ್ಯಯನಗಳಲ್ಲಿ ಕಂಡಿರುವ ಕ್ರಮ ಇದು. ಅದನ್ನೇ ಮಾಡಿಸಬೇಕೆಂದಿಲ್ಲ, ಆದರೆ ಅದು ಗೊತ್ತಿರಬೇಕು. ನಿಂತಲ್ಲೇ ಸ್ನಾಯು ಎಳೆದು ಹಿಡಿಸಿ ನೇರ ಶಾಟಿಂಗ್‌ಗೆ ಹೋದರೆ ಹ್ಯಾಮ್‌ಸ್ಟ್ರಿಂಗ್ ಸೆಳೆತವನ್ನು ಕರೆದಂತೆ.

ಕೋಚ್ ಆಟ ನಿಲ್ಲಿಸಿದಾಗ ಏನು ಹೇಳುತ್ತಾರೆ? "ಬೇಗ ಬೇಗ!", "ಪ್ರೆಸ್ ಮಾಡ್ರೋ!" ಎನ್ನುವುದು ಕಲಿಸುವುದಲ್ಲ. "ಚೆಂಡು ಹೋದ ತಕ್ಷಣ ಹತ್ತಿರದವನು ಎದುರಿಗೆ ಹೋಗು, ಎರಡನೆಯವನು ಒಳಗಿನ ಪಾಸ್ ಮುಚ್ಚು" ಎಂದರೆ ಕಲಿಸಿದಂತೆ. ನಿಲ್ಲಿಸಿ, ತೋರಿಸಿ, ಮತ್ತೆ ಅದೇ ಸನ್ನಿವೇಶ ಆಡಿಸಿ, ಸರಿಬಂದಾಗ ಬಿಡುತ್ತಾರೆಯೇ? ಆಟ ಸುಲಭವಾದರೆ ಜಾಗ ಕಿರಿದು ಮಾಡುತ್ತಾರೆಯೇ, ಕಷ್ಟವಾದರೆ ಅಗಲಿಸುತ್ತಾರೆಯೇ? ಕೋನ್ ಎರಡು ಹೆಜ್ಜೆ ಸರಿಸುವ ಆ ಸಣ್ಣ ಕೆಲಸದಲ್ಲಿ ಕೋಚ್‌ನ ಕಣ್ಣು ಗೊತ್ತಾಗುತ್ತದೆ.

ಗೋಲಿಯನ್ನು ನೋಡಿ. 75 ನಿಮಿಷ ಕಂಬಕ್ಕೊರಗಿ ನಿಂತಿದ್ದರೆ ಆ ಕೋಚ್‌ಗೆ ತಂಡದಲ್ಲಿ ಹತ್ತೇ ಜನ. ಬಲಹೀನ ಹುಡುಗನನ್ನು ನೋಡಿ: ಕೋಚ್ ಅವನ ಹತ್ತಿರ ಒಂದು ಸಲವಾದರೂ ಹೋದರೇ? ಎಷ್ಟು ಹೆಸರು ಕಲಿತರು? ಬೈದರೇ, ಬೈದರೆ ಯಾವ ಮಾತಿನಲ್ಲಿ? ಗ್ರೌಂಡಿನಲ್ಲಿ "ಲೋ" ಎನ್ನುವುದು ಸಲಿಗೆ. ತಾಯಿಯ, ಜಾತಿಯ, ಊರಿನ, ಮೈಬಣ್ಣದ ಹೆಸರು ಹಿಡಿದರೆ ಅಲ್ಲಿಗೆ ಮುಗಿಯಿತು. ನಮ್ಮ ಕಾಲೇಜು ತಂಡಗಳಲ್ಲಿ ಕನ್ನಡ, ಉರ್ದು, ತಮಿಳು, ಮಲಯಾಳ, ತುಳು ಮಾತಾಡುವವರು, ಈಶಾನ್ಯ ರಾಜ್ಯದವರು, ಆಫ್ರಿಕಾದಿಂದ ಓದಲು ಬಂದವರು ಒಟ್ಟಿಗೆ ಇರುತ್ತಾರೆ. ಮಾತು ತಲುಪದವರಿಗೆ ಕೋಚ್ ಕಾಲಿನಿಂದ ತೋರಿಸುತ್ತಾರೆಯೇ, ಪಕ್ಕದವನಿಂದ ಹೇಳಿಸುತ್ತಾರೆಯೇ, ಇಲ್ಲ ಸುಮ್ಮನೆ ಬಿಟ್ಟುಬಿಡುತ್ತಾರೆಯೇ?

ಮುಗಿದ ಮೇಲೆ ಹುಡುಗರಿಗೆ ಹೆಸರಿಲ್ಲದ ಚೀಟಿ ಕೊಡಿ. ಇವತ್ತು ಏನು ಕಲಿತೆ? ಯಾವಾಗ ಬೇಜಾರಾಯಿತು? ನಾಳೆಯೂ ಇವರು ಬಂದರೆ ನೀನು ಬರುತ್ತೀಯಾ? ಮೊದಲ ಪ್ರಶ್ನೆಗೆ 20ರಲ್ಲಿ 14 ಜನ ಹೆಚ್ಚುಕಡಿಮೆ ಒಂದೇ ಉತ್ತರ ಬರೆದಿದ್ದರೆ ಕೋಚ್ ತಮ್ಮ ವಿಷಯವನ್ನು ತಲುಪಿಸಿದ್ದಾರೆ ಎಂದರ್ಥ. ಹುಡುಗರ ಮತವೇ ಅಂತಿಮವಾಗಬಾರದು, ಏಕೆಂದರೆ ಪೂರ್ತಿ ಸಮಯ ಮ್ಯಾಚ್ ಆಡಿಸಿದವರನ್ನು ಅವರು ಯಾವಾಗಲೂ ಮೆಚ್ಚುತ್ತಾರೆ. ಆದರೆ ಚೀಟಿಗಳನ್ನು ಓದದೆ ನಿರ್ಧಾರಕ್ಕೆ ಬರಬೇಡಿ.

ಅಂಕ ಹಾಕುವುದಾದರೆ 100ರಲ್ಲಿ 45 ಗ್ರೌಂಡಿಗೆ, 20 ಬರೆದ ಪ್ಲಾನು ಮತ್ತು ಉತ್ತರಗಳಿಗೆ, 20 ಹಿಂದಿನ ಕಡೆಯವರ ಮಾತಿಗೆ, 15 ಲೈಸೆನ್ಸ್ ಮತ್ತು ಆಡಿದ ದಾಖಲೆಗೆ. ಮೂವರೂ ತಮ್ಮ ಅಂಕ ಬರೆದು ಮಡಚಿಟ್ಟ ಮೇಲೆ ಚರ್ಚೆ ಶುರುವಾಗಲಿ. ಮೊದಲೇ ಮಾತಾಡಿದರೆ ಹಿರಿಯರ ಅಭಿಪ್ರಾಯವೇ ಎಲ್ಲರದಾಗುತ್ತದೆ.

ಫೋನ್ ಮಾಡಿ, ಪರಿಶೀಲಿಸಿ

ಅವರು ಕೊಟ್ಟ ಹೆಸರುಗಳಿಗೆ ಮಾತ್ರ ಫೋನ್ ಮಾಡಿದರೆ ಹೊಗಳಿಕೆ ಮಾತ್ರ ಕೇಳಿಸುತ್ತದೆ. ಹಿಂದಿನ ಕಾಲೇಜಿನ ಪಿ.ಡಿ., ಅಲ್ಲಿ ಅವರ ಕೈಕೆಳಗೆ ಆಡಿ ಹೊರಬಿದ್ದ ಒಬ್ಬ ಕ್ಯಾಪ್ಟನ್, ಅವರ ಪಂದ್ಯ ಆಡಿಸಿದ ಒಬ್ಬ ರೆಫ್ರಿ, ಈ ಮೂವರನ್ನು ನೀವೇ ಹುಡುಕಿ. ಸೀಸನ್ ಪೂರ್ತಿ ಇದ್ದರೇ? ಹುಡುಗರ ಹತ್ತಿರ ದುಡ್ಡು ತೆಗೆದುಕೊಂಡದ್ದುಂಟೇ? ಮತ್ತೆ ಕರೆಯುತ್ತೀರಾ? ಕೊನೆಯ ಪ್ರಶ್ನೆಗೆ ಉತ್ತರ ಬರುವ ಮೊದಲಿನ ಮೌನವನ್ನೂ ಕೇಳಿಸಿಕೊಳ್ಳಿ.

ಪೊಲೀಸ್ ಪರಿಶೀಲನಾ ಪತ್ರ ಕಡ್ಡಾಯ ಮಾಡಿ; ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಪಿಯು ವಿದ್ಯಾರ್ಥಿಗಳು, ಪದವಿಯ ಮೊದಲ ವರ್ಷದ ಕೆಲವರು 18 ತುಂಬದವರು. ಅವರ ವಿಷಯದಲ್ಲಿ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಹುಡುಗಿಯರ ತಂಡವಿದ್ದರೆ ಲೈಂಗಿಕ ಕಿರುಕುಳದ ದೂರು ಕೇಳುವ ಕಾಲೇಜಿನ ಆಂತರಿಕ ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರ್ ತಂಡಕ್ಕೆ ಮೊದಲ ದಿನವೇ ಸಿಗಲಿ. ಪ್ರಯಾಣಕ್ಕೆ ಒಬ್ಬ ಮಹಿಳಾ ಮ್ಯಾನೇಜರ್, ಬಟ್ಟೆ ಬದಲಿಸಲು ಬೇರೆ ಕೊಠಡಿ, ಸಂದೇಶಗಳೆಲ್ಲ ಪಿ.ಡಿ. ಇರುವ ವಾಟ್ಸ್‌ಆ್ಯಪ್ ಗುಂಪಿನಲ್ಲೇ. ಇದನ್ನು ಕೇಳಿ ಮುಖ ಗಂಟಿಕ್ಕುವ ಕೋಚ್ ನಿಮಗೆ ಬೇಡ.

ಒಪ್ಪಂದದಲ್ಲಿ ಏನಿರಬೇಕು

ಎರಡು ಪುಟ ಸಾಕು. ಅವಧಿ ಒಂದು ಸೀಸನ್, ಪರಾಮರ್ಶೆಯ ನಂತರ ಎರಡಕ್ಕೆ ವಿಸ್ತರಣೆ. ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು. ಮಳೆ ಬಂದು ನಿಂತ ಪ್ರಾಕ್ಟೀಸ್‌ಗೆ ಹಣ ಉಂಟೋ ಇಲ್ಲವೋ. ಉಂಟು ಎಂದೇ ಬರೆಯುವುದು ನ್ಯಾಯ, ಅಂಥ ದಿನ ಒಳಾಂಗಣದಲ್ಲಿ ಬೋರ್ಡ್ ಮೇಲೆ ಪಾಠ ಮಾಡಲಿ. ಪಂದ್ಯದ ದಿನದ ಭತ್ಯೆ ಬೇರೆ. ತಿಂಗಳ ಯಾವ ತಾರೀಖಿಗೆ ಹಣ ಎನ್ನುವುದು ಮುಖ್ಯ. ಮೂರು ತಿಂಗಳು ಬಾಕಿ ಉಳಿಸಿಕೊಂಡು ನಿಷ್ಠೆ ಕೇಳುವ ಹಕ್ಕು ಯಾವ ಕಾಲೇಜಿಗೂ ಇಲ್ಲ. ಕೋಚ್‌ಗಳಿಗೆ ಕೊಡುವ ವೃತ್ತಿಪರ ಶುಲ್ಕ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಶೇ 10 ಟಿಡಿಎಸ್ ಕಡಿತ ಬರುತ್ತದೆ. ಕೈಗೆ ಎಷ್ಟು ಸಿಗುತ್ತದೆ ಎನ್ನುವುದನ್ನು ಅಕೌಂಟ್ಸ್ ವಿಭಾಗದವರಿಂದ ಮೊದಲೇ ಹೇಳಿಸಿ. ಮೊದಲ ತಿಂಗಳೇ ಮನಸ್ತಾಪ ಹುಟ್ಟುವುದು ಇಲ್ಲಿ.

ಗೆದ್ದರೆ ಇಷ್ಟು ಎಂದು ಹಣ ಕಟ್ಟಬೇಡಿ. ನಾಕೌಟ್‌ನಲ್ಲಿ ಒಂದು ಪೆನಾಲ್ಟಿ ಕಂಬಕ್ಕೆ ಬಡಿದರೆ ಹೋಗುವ ಹಣಕ್ಕೆ ಆಸೆಪಟ್ಟು, ಮೊಣಕಾಲು ನೋವಿರುವ ಹುಡುಗನನ್ನು ಇಳಿಸುವ ಒತ್ತಡ ಹುಟ್ಟುತ್ತದೆ. ಹೆಚ್ಚುವರಿ ಕೊಡುವ ಮನಸ್ಸಿದ್ದರೆ ಪ್ರಾಕ್ಟೀಸ್ ಹಾಜರಾತಿ ಚೆನ್ನಾಗಿದ್ದುದಕ್ಕೆ, ಎರಡನೇ ತಂಡ ಕಟ್ಟಿದ್ದಕ್ಕೆ ಕೊಡಿ. ನೋಟಿಸ್ ಅವಧಿ ಎರಡೂ ಕಡೆಗೆ 30 ದಿನ. ಸುರಕ್ಷತೆಯ ದೂರು ಸಾಬೀತಾದರೆ ತಕ್ಷಣ.

ಮೊದಲ ಆರು ವಾರ

ಹೊಸ ಕೋಚ್ ಬಂದ ವಾರ ಪ್ರಾಂಶುಪಾಲರು ಗ್ರೌಂಡಿಗೆ ಬಂದು ಹುಡುಗರ ಮುಂದೆ, ಆಟಗಾರರ ಆಯ್ಕೆ ಇವರದೇ ಎಂದು ಬಾಯಿಬಿಟ್ಟು ಹೇಳಲಿ. ಕಾಗದದಲ್ಲಿರುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ. ಹಳೆಯ ಕೋಚ್ ಊರಲ್ಲೇ ಇದ್ದರೆ, ಯಾರಿಗೆ ಹಳೆಯ ಗಾಯ, ಯಾರಿಗೆ ಆಸ್ತಮಾ, ಯಾರ ಮನೆಯಲ್ಲಿ ಆಟಕ್ಕೆ ವಿರೋಧ ಎಂಬ ಮಾಹಿತಿಯನ್ನು ಮರ್ಯಾದೆಯಿಂದ ಕೇಳಿ ಪಡೆಯಿರಿ. ಮೊದಲ ಎರಡು ಪ್ರಾಕ್ಟೀಸ್‌ನಲ್ಲಿ 20 ಮೀಟರ್ ಬೀಪ್ ಟೆಸ್ಟ್ (ಬೀಪ್ ಸದ್ದಿಗೆ ತಕ್ಕಂತೆ ವೇಗ ಹೆಚ್ಚಿಸುತ್ತಾ ಓಡುವ ದಮ್ಮಿನ ಪರೀಕ್ಷೆ) ಮತ್ತು 30 ಮೀಟರ್ ಓಟದ ಸಮಯ ಬರೆದಿಡಲಿ. ಆರು ವಾರದ ಬಳಿಕ ಹೋಲಿಸಲು ಬೇರೆ ದಾರಿಯಿಲ್ಲ.

ಆರನೇ ವಾರ ಪಿ.ಡಿ. ಮತ್ತು ಕೋಚ್ ಒಂದು ಗಂಟೆ ಕೂರಲಿ. ಹಾಜರಾತಿ ಏರಿದೆಯೇ, ಗಾಯಾಳುಗಳೆಷ್ಟು, ಅಭ್ಯಾಸ ಪಂದ್ಯಗಳಲ್ಲಿ ಕಾರ್ನರ್‌ನಿಂದ ಎಷ್ಟು ಗೋಲು ಬಿಟ್ಟೆವು, ಬೆಂಚಿನಲ್ಲಿ ಕೂರುವ ಹುಡುಗರಿಗೆ ಎಷ್ಟು ನಿಮಿಷ ಸಿಕ್ಕಿತು. ಮೊದಲ ಪಂದ್ಯದಲ್ಲೇ ಸೋತು ಬಂದರೂ ಆ ರಾತ್ರಿ ಯಾವ ತೀರ್ಮಾನವೂ ಬೇಡ. ಎರಡು ವಾರ ಬಿಟ್ಟು ಈ ನಾಲ್ಕು ಅಂಕಿಗಳನ್ನಿಟ್ಟು ಮಾತಾಡಿ. ಅವು ಸುಧಾರಿಸುತ್ತಿದ್ದರೆ ಅದೇ ಕೋಚ್‌ಗೆ ಇನ್ನೊಂದು ಸೀಸನ್ ಕೊಡಿ.

ಗ್ರೌಂಡ್ ಪರೀಕ್ಷೆಯಲ್ಲಿ ಎರಡನೆಯವರಾಗಿ ಬಂದವರಿಗೆ ನೇಮಕವಾದ ದಿನವೇ ಫೋನ್ ಮಾಡಿ ತಿಳಿಸಿ, ಏನು ಚೆನ್ನಾಗಿತ್ತು ಎಂದೂ ಹೇಳಿ, ನಂಬರ್ ಇಟ್ಟುಕೊಳ್ಳಿ. ಗೋಲಿಗಳಿಗೆ ವಾರಕ್ಕೊಂದು ದಿನ ಕಲಿಸಲು, ಹುಡುಗಿಯರ ತಂಡ ಶುರು ಮಾಡಲು, ಸೀಸನ್ ಮಧ್ಯೆ ಕೋಚ್‌ಗೆ ಕಾಯಿಲೆಯಾದರೆ ಹತ್ತು ದಿನ ತಂಡ ನೋಡಿಕೊಳ್ಳಲು ನೀವು ಮೊದಲು ಕರೆಯುವುದು ಅವರನ್ನೇ.